ಗೋಡೆ ಬಂತು

ಹಳೇಬೀಡಿನ ಗುಡಿಯ ಜಗತಿಯ ಮೆಟ್ಟಿಲನ್ನು ನಮ್ಮ ಹೇಮಾ ತಾನೇ ಹತ್ತಿದ್ದು ಆ ಭಾನುವಾರವೇ ಕೊನೆ. ಎರಡು ಕೈಯನ್ನೂ ಮೊಣಕಾಲ ಮೇಲೆ ಊರಿಕೊಂಡು, ಒಂದೊಂದು ಮೆಟ್ಟಿಲಿಗೂ ನಿಂತು ಹತ್ತುತ್ತಿದ್ದಳು. ಆಗ ಅವಳಿಗೆ ಏಳು ವರ್ಷ. ನನ್ನ ಹೆಂಡತಿ ಸುಮಿತ್ರ ಹಿಂದಿನಿಂದ, "ಬೇಗ ಹತ್ತೇ ಸೋಮಾರಿ. ನಿಮ್ಮಜ್ಜೀನೇ ವಾಸಿ ನಿನಗಿಂತ" ಅಂತ ರೇಗಿಸಿದಳು.

"ಅಜ್ಜಿಗೆ ದಿನಾ ಮೂರು ಲೋಟ ಕಾಫಿ ಕೊಡ್ತೀಯ. ನನಗೆ ಒಂದೂ ಕೊಡಲ್ಲ" ಅಂದಳು ಹೇಮಾ, ತಿರುಗಿ ನೋಡದೆ. ನಾವಿಬ್ಬರೂ ನಕ್ಕೆವು. ಮೇಲೆ ಹತ್ತಿದವಳು ಕಲ್ಲಿನ ಆನೆಗಳ ಸಾಲಿಗೆ ಬೆನ್ನು ಕೊಟ್ಟು ಸುಧಾರಿಸಿಕೊಂಡಳು.

ಚಳಿಗಾಲದ ಪ್ರವಾಸದ ದಿನಗಳು. ಸ್ಕೂಲು ಮಕ್ಕಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಸುಮಿತ್ರಳ ತವರು ಪಕ್ಕದ ಮಾದಿಹಳ್ಳಿ. ಅಲ್ಲಿ ಊಟ ಮುಗಿಸಿ, ಅರಸೀಕೆರೆ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಹಳೇಬೀಡಿಗೆ ಬಂದಿದ್ದೆವು. ಗುಡಿಯ ಹೊರಗೆ, ಎಳನೀರಿನ ಗಾಡಿಗಳ ಆಚೆ, ಪುಟ್ಟಸ್ವಾಮಣ್ಣ ಮಕ್ಕಳ ಬ್ಯಾಟರಿ ಕಾರು ಓಡಿಸುತ್ತಿದ್ದ. ಮಕ್ಕಳು ಕೂತು ತಾವೇ ನಡೆಸುವ ಪ್ಲಾಸ್ಟಿಕ್ ಕಾರುಗಳು. ಸುತ್ತು ಹೊಡೆಸಿ ಬಾಡಿಗೆ ತೆಗೆದುಕೊಳ್ಳುವುದು ಅವನ ಕಸುಬು. ಅರಸೀಕೆರೆಯಲ್ಲಿ ನನ್ನದು ಬ್ಯಾಟರಿ ಚಾರ್ಜಿಂಗ್ ಮತ್ತು ರಿಪೇರಿ ಅಂಗಡಿ. ಅವನ ಬ್ಯಾಟರಿಗಳು ಕೆಟ್ಟರೆ ನನ್ನ ಹತ್ತಿರವೇ ಬರುತ್ತಿದ್ದವು. ಹಾಗಾಗಿ ಸಲಿಗೆ.

ಹೇಮಾಳನ್ನು ಕೆಂಪು ಕಾರಿನಲ್ಲಿ ಕೂರಿಸಿದ. ಅವಳು ಕಾಲಿನಿಂದ ಪೆಡಲ್ ಒತ್ತಿದಳು. ಕಾರು ಹೊರಟಿತು, ನಿಂತಿತು. ಮತ್ತೆ ಹೊರಟಿತು, ನಿಂತಿತು.

"ಏನ್ಲಾ ಶಿವಣ್ಣ, ಮಗೀಗೆ ಹಿಟ್ಟು ಹಾಕ್ತೀಯೋ ಇಲ್ವೋ? ಒತ್ತಾಕೇ ಆಗ್ತಿಲ್ಲ!" ಅಂದ ಪುಟ್ಟಸ್ವಾಮಣ್ಣ.

ನಾನು ಬಗ್ಗಿ ಪೆಡಲ್ ಒತ್ತಿ ನೋಡಿದೆ. "ಸ್ಪ್ರಿಂಗ್ ಬಿಗಿಯಾಗಿದೆ ಕಣಣ್ಣ."

"ಎಲ್ಲಿ ಬಿಗಿ ಐತೆ? ಮೂರು ವರ್ಷದ ಕೂಸು ಒತ್ತುತ್ತೆ ಅದನ್ನ."

ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಡು ಅಂತ ಹೇಳಿ ಬಸ್ ಹತ್ತಿದೆವು. ಜಾವಗಲ್ ದಾಟುವಷ್ಟರಲ್ಲಿ ಹೇಮಾ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ. ನಮಗೆ ಯಾವ ಚಿಂತೆಯೂ ಇರಲಿಲ್ಲ.

ಇಷ್ಟು ವರ್ಷಗಳಾದ ಮೇಲೆ, ಮೊನ್ನೆ ಒಬ್ಬರು ಮೊಮ್ಮಗನ ಬ್ಯಾಟರಿ ಕಾರು ತಂದು ಅಂಗಡಿಯ ಮುಂದೆ ಇಳಿಸಿದರು. ಗೋಡೆಗೆ ಗುದ್ದಿ ನಿಂತಿದ್ದಾಗಲೂ ಹುಡುಗ ಪೆಡಲ್ ಬಿಟ್ಟಿರಲಿಲ್ಲವಂತೆ, ಮೋಟಾರು ಸುಟ್ಟಿತ್ತು. ಮುಚ್ಚಳ ತೆಗೆದ ಕೂಡಲೇ ಮೋಟಾರಿನ ತಂತಿಯ ವಾರ್ನಿಷ್ ಕರಗಿದ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಮುಚ್ಚಳವನ್ನು ಮತ್ತೆ ಮುಚ್ಚಿ, ನಾಳೆ ಬನ್ನಿ ಅಂದೆ. ಅವತ್ತಿನಿಂದ ಆ ವರ್ಷ ನನ್ನನ್ನು ಬಿಟ್ಟಿಲ್ಲ. ಬರೆದರೆ ಸ್ವಲ್ಪ ಹಗುರವಾಗಬಹುದು ಅಂತ ಬರೆಯುತ್ತಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಹೇಮಾ ಸ್ಕೂಲಿನಲ್ಲಿ ಬಿದ್ದಳು. ಪೆಟ್ಟೇನೂ ಆಗಿರಲಿಲ್ಲ, ಆದರೆ ಎದ್ದು ನಿಲ್ಲಲು ಆಗಲಿಲ್ಲ. ಮನೆಗೆ ತಂದ ಮೇಲೆ ಅವಳು ಏಳುವುದನ್ನು ಸರಿಯಾಗಿ ನೋಡಿದೆವು. ಮೊದಲು ಬೋರಲಾಗಿ, ಕೈಯೂರಿ, ಆಮೇಲೆ ತನ್ನ ಕಾಲನ್ನೇ ಕಂಬದ ಹಾಗೆ ಹಿಡಿದು ಹತ್ತಿ ನಿಲ್ಲುತ್ತಿದ್ದಳು. ಯಾವಾಗಿನಿಂದ ಹೀಗೆ ಏಳುತ್ತಿದ್ದಳೋ ನಮಗೆ ಗೊತ್ತಿರಲಿಲ್ಲ. ಹಾಸನದಲ್ಲಿ ತೋರಿಸಿದೆವು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು.

ಬೆಂಗಳೂರಿನ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಮಾಂಸಖಂಡಗಳ ಶಕ್ತಿ ಇಳಿಯುವ ಕಾಯಿಲೆ, ಕೆಲವರಲ್ಲಿ ನಿಧಾನ, ಈ ಮಗುವಿನಲ್ಲಿ ಬೇಗ ಬೇಗ ಇಳಿಯುತ್ತಿದೆ ಅಂದರು. ಔಷಧಿ ಇಲ್ಲ ಅಂದರು. ಸುಮಿತ್ರ ಸೆರಗು ಬಾಯಿಗೆ ಒತ್ತಿಕೊಂಡಳು.

"ಹಂಗಾದ್ರೆ ನಾವೇನು ಮಾಡಬೇಕು ಮೇಡಂ?" ಅಂತ ಕೇಳಿದೆ.

"ಎಷ್ಟು ದಿನ ಆಗುತ್ತೋ ಅಷ್ಟು ದಿನ ಅವಳ ಕೆಲಸ ಅವಳೇ ಮಾಡ್ಕೊಳ್ಳೋ ಹಾಗೆ ನೋಡ್ಕೊಳ್ಳಿ. ಅದೇ ದೊಡ್ಡದು."

ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದಾಗ ಮೇಲ್ಸೇತುವೆ ಹತ್ತಲು ಅವಳನ್ನು ಎತ್ತಿಕೊಂಡೆ. ಕಿವಿಯ ಹತ್ತಿರ ಬಾಯಿ ತಂದು, "ಇಳಿಸಪ್ಪಾ, ಎಲ್ಲಾರೂ ನೋಡ್ತಾರೆ. ಪಾಪು ಅನ್ಕೋತಾರೆ" ಅಂದಳು. ಇಳಿಸಲು ಆಗುವ ಹಾಗಿರಲಿಲ್ಲ. ಅವಳು ನನ್ನ ಹೆಗಲಿನಲ್ಲಿ ಮುಖ ಮುಚ್ಚಿಕೊಂಡಳು.

ಎತ್ತಿಕೊಳ್ಳದೆ ಅವಳು ಓಡಾಡಬೇಕು. ಆ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಪ್ರವಾಸದ ದಿನಗಳು ಮುಗಿದು ಪುಟ್ಟಸ್ವಾಮಣ್ಣ ಕಾರುಗಳನ್ನು ಎತ್ತಿಟ್ಟಿದ್ದ. ಕೆಟ್ಟವು ಮೂರು ಅವನ ಹಿತ್ತಲಿನಲ್ಲಿ ಕೋಳಿ ಗೂಡಾಗಿದ್ದವು. ವಿಷಯ ಹೇಳಿದಾಗ ಅವನು ಕೋಳಿಗಳನ್ನು ಓಡಿಸಿ ಕಾರುಗಳನ್ನು ಒಂದೊಂದಾಗಿ ಹೊರಗೆಳೆದ. ಹಳೇಬೀಡಿನಲ್ಲಿ ಪೆಡಲ್ ಬಗ್ಗೆ ಆಡಿದ್ದು ಇಬ್ಬರಿಗೂ ನೆನಪಾಗಿತ್ತು. ಕೊನೆಗೆ, "ಮೂರನ್ನೂ ತಗೊಂಡ್ ಹೋಗ್ಲಾ. ಕೋಳಿ ಎಲ್ಲಾದ್ರೂ ಮಲಗ್ತವೆ" ಅಂದ.

ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್, "ನಾವು ಬಸ್ ಓಡಿಸಿದ್ರೆ ನೀವು ಬಸ್ ಮೇಲೆ ಕಾರು ಓಡಿಸ್ತೀರಲ್ರೀ" ಅಂತ ನಕ್ಕ. ನಾನೂ ನಕ್ಕೆ. ಯಾತಕ್ಕೆ ಅಂತ ಅವನು ಕೇಳಲಿಲ್ಲ.

ಒಂದರಲ್ಲಿ ಮೋಟಾರು ಚೆನ್ನಾಗಿತ್ತು, ಗೇರಿನ ಪ್ಲಾಸ್ಟಿಕ್ ಹಲ್ಲುಗಳು ಸವೆದಿದ್ದವು. ಇನ್ನೊಂದರಲ್ಲಿ ಗೇರು ಚೆನ್ನಾಗಿತ್ತು, ಮೋಟಾರು ಸುಟ್ಟಿತ್ತು. ಮೂರನೆಯದು ಅವಳು ಕೂತಿದ್ದ ಕೆಂಪು ಕಾರೇ, ಮೈ ಗಟ್ಟಿಯಾಗಿತ್ತು, ಒಳಗಿನ ವೈರು ಪೂರ್ತಿ ಇಲಿ ಪಾಲಾಗಿತ್ತು. ಮೂರರಿಂದಲೂ ಒಳ್ಳೆಯದನ್ನು ಬಿಚ್ಚಿ ಕೆಂಪು ಕಾರಿಗೆ ಕೂರಿಸಿದೆ. ಹೇಮಾ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತಿದ್ದಳು. ಮುಂದಕ್ಕೆ, ಹಿಂದಕ್ಕೆ ಹೋಗಲು ಇರುವ ಸ್ವಿಚ್ಚು ಮಾತ್ರ ಮೂರರಲ್ಲೂ ಕರಗಿ ಮುದ್ದೆಯಾಗಿತ್ತು. ಬಾಡಿಗೆಗೆ ಓಡಿಸುವ ಮಕ್ಕಳು ಕಾರು ಓಡುತ್ತಿರುವಾಗಲೇ ಸ್ವಿಚ್ಚನ್ನು ಹಿಂದಕ್ಕೆ ಎಳೆದು ಎಳೆದು ಸುಟ್ಟಿದ್ದರು. ಸದ್ಯಕ್ಕೆ ವೈರನ್ನು ನೇರ ಕೊಟ್ಟೆ. ಕಾರು ಮುಂದಕ್ಕೆ ಮಾತ್ರ ಹೋಗುತ್ತಿತ್ತು.

ಬ್ಯಾಟರಿ ಆರು ವೋಲ್ಟಿನದು ಬೇಕಿತ್ತು. ಹಳೆಯ ಸ್ಕೂಟರಿನದೊಂದು ನನ್ನ ಹತ್ತಿರ ಉಳಿದಿತ್ತು, ಅದನ್ನು ಸೀಟಿನ ಹಿಂದೆ ಕಟ್ಟಿದೆ. ಹನ್ನೆರಡು ವೋಲ್ಟಿನವು ಅಂಗಡಿಯ ತುಂಬ ಇದ್ದವು, ಆದರೆ ಅದನ್ನು ಕೊಟ್ಟರೆ ಕಾರು ಒಮ್ಮೆಲೇ ನೆಗೆಯುತ್ತದೆ. ಅವಳ ಕುತ್ತಿಗೆ ಆ ನೆಗೆತ ತಡೆಯುತ್ತಿರಲಿಲ್ಲ.

ಕಾಲಿನ ಪೆಡಲ್ ತೆಗೆದುಬಿಟ್ಟೆ. ಸ್ಟೇರಿಂಗಿನ ನಡುವೆ ಮೊಪೆಡ್ಡಿನ ಹಾರನ್ ಬಟನ್ ಕೂರಿಸಿದೆ. ಮೋಟಾರಿನ ಕರೆಂಟನ್ನು ಅಷ್ಟು ಚಿಕ್ಕ ಬಟನ್ ತಡೆಯುವುದಿಲ್ಲವಾದ್ದರಿಂದ ನಡುವೆ ಒಂದು ರಿಲೇ ಹಾಕಿದೆ. ಬಟನ್ ಒತ್ತಿದರೆ ರಿಲೇ ಟಕ್ ಅಂತ ಹಿಡಿದು ಮೋಟಾರಿಗೆ ಕರೆಂಟು ಬಿಡುತ್ತದೆ. ಹೇಮಾಳಿಗೆ ಆ ಟಕ್ ಸದ್ದು ಬಹಳ ಇಷ್ಟವಾಯಿತು. "ನಾನು ಹೇಳಿದ್ದು ಅದಕ್ಕೆ ಕೇಳಿಸ್ತು" ಅಂದಳು.

ನಮ್ಮ ಅಂಗಡಿಯ ಹಿಂದೆಯೇ ಮನೆ. ಮನೆಯ ಪಕ್ಕ ಸಿಮೆಂಟು ಹಾಕಿದ ಉದ್ದನೆಯ ಓಣಿ, ಅದರ ಕೊನೆಯಲ್ಲಿ ಕೊಬ್ಬರಿ ಗೋಡೌನಿನ ಗೋಡೆ. ಯುಗಾದಿಯ ಹಿಂದಿನ ದಿನ ಹೇಮಾ ಅಂಗಡಿಯ ಬಾಗಿಲಿನಿಂದ ಹೊರಟಳು. ಸ್ಟೇರಿಂಗ್ ತಿರುಗಿಸಲು ಅವಳ ಕೈಗೆ ಬಲ ಇರಲಿಲ್ಲ, ಅದನ್ನು ನೇರಕ್ಕೆ ಬಿಗಿದಿದ್ದೆ. ಕಾರು ಓಣಿಯುದ್ದಕ್ಕೂ ಮೆಲ್ಲಗೆ ಹೋಗಿ ಗೋಡೆಯ ಹತ್ತಿರ ನಿಂತಿತು. ಹಿಂದಕ್ಕೆ ಬರಲು ಆಗದು.

"ಅಪ್ಪಾ, ಗೋಡೆ ಬಂತು!"

ನಾನು ಓಡಿಹೋಗಿ ಕಾರಿನ ಹಿಂಭಾಗ ಎತ್ತಿ ಈ ಕಡೆಗೆ ತಿರುಗಿಸಿದೆ. ಬಟನ್ ಒತ್ತಿದಳು, ಬಂದಳು. ಅಂಗಡಿಯ ಹತ್ತಿರ ಬಂದು ಮತ್ತೆ ಕೂಗಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಕೂಗು. ನಾನು ಗಿರಾಕಿಯ ಜೊತೆ ಇದ್ದರೆ ಸುಮಿತ್ರ ಓಡುತ್ತಿದ್ದಳು. ಅವಳ ಕೈ ಹಿಟ್ಟಾಗಿದ್ದರೆ ನನ್ನ ಅವ್ವ, "ಬಂದೆ ಕಣವ್ವಾ, ತಡ್ಕೋ, ನನ್ ಗಾಡಿಗೂ ಬ್ಯಾಟ್ರಿ ವೀಕು" ಅಂತ ಸೊಂಟ ಹಿಡಿದುಕೊಂಡು ಹೋಗುತ್ತಿದ್ದಳು. ಕೊಬ್ಬರಿ ಮೂಟೆ ಹೊರುವವರೂ ಕೆಲವು ಸಲ ತಿರುಗಿಸಿ ಕಳಿಸುತ್ತಿದ್ದರು. ಸುಮಿತ್ರ ನಗುವುದನ್ನು ಬೆಂಗಳೂರಿನಿಂದ ಬಂದ ಮೇಲೆ ನಾನು ನೋಡಿದ್ದು ಆ ದಿನಗಳಲ್ಲೇ.

"ಹಿಂದಕ್ಕೆ ಹೋಗೋದು ಯಾವಾಗ ಹಾಕ್ತೀಯಪ್ಪಾ?" ಅಂತ ಹೇಮಾ ಕೇಳಿದಳು.

"ಸ್ವಿಚ್ ಸಿಗಲಿ, ಹಾಕ್ತೀನಿ."

"ಆಗ ನಾನೇ ಹಿಂದಕ್ಕೆ ಬರ್ತೀನಿ. ಯಾರೂ ಬರೋದು ಬೇಡ."

ಪುಟ್ಟಸ್ವಾಮಣ್ಣನಿಗೆ ಹೇಳಿ ಕಳಿಸಿದೆ. ಎಲ್ಲಾದರೂ ಕಂಡರೆ ತರುತ್ತೇನೆ ಅಂದ.

ನಮ್ಮೂರಿನ ಬೋರ್ ನೀರು ಗಡಸು. ಕುದಿಸಿದ ಪಾತ್ರೆಗೆಲ್ಲ ಸುಣ್ಣದಂಥ ಪೊರೆ ಕಟ್ಟುತ್ತದೆ. ಅದು ಬ್ಯಾಟರಿಗೆ ವಿಷ. ಅದಕ್ಕೆ ನಾನು ಮಳೆ ಬಂದಾಗ ಅಂಗಳದಲ್ಲಿ ಪ್ಲಾಸ್ಟಿಕ್ ಟಬ್ಬು ಇಟ್ಟು, ಮೇಲಿನಿಂದ ನೇರ ಬಿದ್ದ ನೀರನ್ನು ಸೋಸಿ ಕ್ಯಾನಿನಲ್ಲಿ ತುಂಬಿಡುತ್ತಿದ್ದೆ. ಬ್ಯಾಟರಿಯ ನೀರು ಇಳಿದಾಗ ಅದನ್ನೇ ಹಾಕುವುದು. ಹೇಮಾಳ ಬ್ಯಾಟರಿಗೆ ನಾನು ನೀರು ಹಾಕುವುದನ್ನು ಅವ್ವ ನೋಡಿದ್ದಳು. ಒಂದು ದಿನ ನಾನು ತಿಪಟೂರಿಗೆ ಹೋಗಿದ್ದಾಗ ಕಾರು ನಿಧಾನವಾಯಿತಂತೆ. ಅವ್ವ ಮುಚ್ಚಳ ಬಿಚ್ಚಿ ನೋಡಿದ್ದಾಳೆ, ನೀರು ಕಡಿಮೆ ಕಂಡಿದೆ. ಕೊಡದಿಂದ ಒಂದು ಲೋಟ ಬಗ್ಗಿಸಿ ತುಂಬ ಹಾಕಿದ್ದಾಳೆ. ಪಾಪ ಕುಡೀಲಿ ಅಂತ.

ವಾರ ಕಳೆಯುವುದರೊಳಗೆ ಬ್ಯಾಟರಿ ಸತ್ತುಹೋಯಿತು. ವಿಷಯ ತಿಳಿದ ಮೇಲೆ ಅದನ್ನು ಬಿಚ್ಚಿ ಬೆಂಚಿನ ಮೇಲೆ ಕುಕ್ಕಿದೆ. ಅವ್ವ ಮೂಲೆಯಲ್ಲಿ ನಿಂತು, "ನಾವೂ ಅದೇ ನೀರು ಕುಡಿಯೋದಲ್ವಾ ಮಗ, ನಮಗೇನಾಗೈತೆ?" ಅಂದಳು. ಆಮೇಲೆ ಅವಳೇ ಅತ್ತಳು.

"ಅಜ್ಜೀನ ಬೈಬೇಡ ಅಪ್ಪಾ. ಆ ಬ್ಯಾಟರಿಗೇ ಜಂಬ. ಮಳೆ ನೀರೇ ಬೇಕಂತೆ" ಅಂದಳು ಹೇಮಾ.

ಆರು ವೋಲ್ಟಿನ ಬ್ಯಾಟರಿ ಆ ಹೊತ್ತಿಗಾಗಲೇ ಸಿಗುವುದು ಅಪರೂಪವಾಗಿತ್ತು. ಗಂಡಸಿಯಲ್ಲಿ ಹುಡುಕಿದೆ, ಹಾಸನದಲ್ಲಿ ಹುಡುಕಿದೆ. ಕೊನೆಗೆ ಬೇಲೂರಿನ ಒಂದು ಗ್ಯಾರೇಜಿನಲ್ಲಿ, ಧೂಳು ಹಿಡಿದ ಸ್ಕೂಟರಿನೊಳಗೆ ಒಂದು ಸಿಕ್ಕಿತು. ಆ ದಿನಗಳಷ್ಟೂ ಕಾರು ಗೋಡೆಗೆ ಒರಗಿ ನಿಂತಿತ್ತು. ಹೇಮಾ ಕಿಟಕಿಯ ಹತ್ತಿರ ಹಾಸಿಗೆಯಲ್ಲಿದ್ದಳು. ಎತ್ತಿಕೊಂಡು ಹೊರಗೆ ಕೂರಿಸುತ್ತೇನೆ ಅಂದರೆ ಬೇಡ ಅನ್ನುತ್ತಿದ್ದಳು.

ಆ ಬ್ಯಾಟರಿ ಚಾರ್ಜ್ ಮಾಡಿ ಕಟ್ಟಿದ ದಿನ ಮೋಡ ಕವಿದಿತ್ತು. ಅವಳನ್ನು ಕೂರಿಸಿದೆ. ಬಟನ್ ಮೇಲೆ ಅಂಗೈ ಇಟ್ಟಳು. ಟಕ್ ಸದ್ದು ಬರಲಿಲ್ಲ. ಎರಡು ಕೈಯನ್ನೂ ಇಟ್ಟು ಮುಂದಕ್ಕೆ ಬಾಗಿದಳು. ಬರಲಿಲ್ಲ. ವೈರು ಬಿಟ್ಟಿರಬೇಕು ಅಂತ ನಾನು ಬಗ್ಗಿ ನೋಡಿದೆ. ನನ್ನ ಬೆರಳಿನಿಂದ ಒತ್ತಿದರೆ ಟಕ್ ಅಂತ ಹಿಡಿಯಿತು.

ಹೇಮಾ ನನ್ನ ಮುಖ ನೋಡುತ್ತಿದ್ದಳು. "ಸ್ಪ್ರಿಂಗ್ ಬಿಗಿಯಾಗಿದೆ ಅಲ್ವಾ ಅಪ್ಪಾ?" ಅಂದಳು.

"ಹೂಂ ಕಣವ್ವಾ. ಬೇರೆ ಹಾಕ್ತೀನಿ" ಅಂದೆ.

ಹಳೆಯ ಟೇಪ್ ರೆಕಾರ್ಡರಿನ ಒಳಗೆ ಒಂದು ಸಣ್ಣ ಸ್ವಿಚ್ಚು ಇರುತ್ತದೆ, ಎರಡು ತೆಳು ಪಟ್ಟಿಗಳು. ಉಗುರು ತಾಗಿದರೂ ಕೂಡಿಕೊಳ್ಳುತ್ತವೆ. ಅದನ್ನು ಬಿಚ್ಚಿ, ಕೈ ಇಡುವ ಕಡೆ ಮರದ ತುಂಡಿನ ಮೇಲೆ ಕೂರಿಸಿದೆ. ತೋರುಬೆರಳನ್ನು ಇಳಿಬಿಟ್ಟರೆ ಸಾಕು, ಕಾರು ಹೋಗುತ್ತಿತ್ತು. ಬೆನ್ನಿಗೆ ಸ್ಪಂಜು ಕಟ್ಟಿದೆ, ಎದೆಗೆ ಅಗಲವಾದ ಬಟ್ಟೆಯ ಪಟ್ಟಿ. ಆ ಸಲ ಮಳೆ ಚೆನ್ನಾಗಿಯೇ ಬಂತು. ಅಂಗಳದಲ್ಲಿ ಟಬ್ಬಿಟ್ಟಾಗ ಹೇಮಾ ಬಾಗಿಲಲ್ಲಿ ಕಾರಿನೊಳಗೇ ಕೂತು ನೋಡುತ್ತಿದ್ದಳು. "ಅಜ್ಜೀ, ಟಬ್ಬಿಂದ ದೂರ ನಿಂತ್ಕೋ" ಅಂತ ಅವ್ವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ಮಳೆ ಬಿಟ್ಟ ಕೂಡಲೇ ಒದ್ದೆ ಓಣಿಯಲ್ಲಿ ಹೊರಡುತ್ತಿದ್ದಳು. ಮತ್ತೆ ಆ ಕೂಗು, ಆದರೆ ಮೊದಲಿನಷ್ಟು ಜೋರಿಲ್ಲ.

ಹಿಂದಕ್ಕೆ ಹೋಗುವ ಸ್ವಿಚ್ಚಿನ ಬಗ್ಗೆ ಅವಳು ಕೇಳುತ್ತಲೇ ಇದ್ದಳು. ನನಗೆ ಅದಕ್ಕೆ ಪುರುಸೊತ್ತು ಸಿಗಲಿಲ್ಲ. ಒಂದು ಸ್ವಿಚ್ಚು ಹಾಕಿ ಅವಳಿಗೆ ಅಭ್ಯಾಸವಾಗುವಷ್ಟರಲ್ಲಿ ಅದು ಅವಳ ಶಕ್ತಿಗೆ ಮೀರುತ್ತಿತ್ತು. ಮುಂದಕ್ಕೆ ಹೋಗುವುದನ್ನು ಉಳಿಸಿಕೊಳ್ಳುವುದರಲ್ಲೇ ನನ್ನ ಕೆಲಸವೆಲ್ಲ ಮುಗಿಯುತ್ತಿತ್ತು.

ನವರಾತ್ರಿಯ ಹೊತ್ತಿಗೆ ಬೆರಳೂ ಹೋಯಿತು. ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಲು ಮಾತ್ರ ಬರುತ್ತಿತ್ತು. ಕೆಟ್ಟ ರಿಲೇಯೊಂದರಿಂದ ಹಿತ್ತಾಳೆಯ ಪಟ್ಟಿ ತೆಗೆದು, ಅಂಚನ್ನು ಉಜ್ಜಿ ನುಣುಪು ಮಾಡಿ, ಬಟ್ಟೆ ಸುತ್ತಿ, ಅವಳ ಕೆನ್ನೆಯ ಪಕ್ಕಕ್ಕೆ ಬರುವ ಹಾಗೆ ಕಂಬಿಯ ಮೇಲೆ ನಿಲ್ಲಿಸಿದೆ. ಕೆನ್ನೆ ತಾಗಿಸಿದರೆ ಟಕ್. ಕಾರು ಹೊರಟಿತು. ಸಂಜೆ ಅಂಗಡಿಯಲ್ಲಿ ಬಿಚ್ಚಿಟ್ಟ ಪೆಡಲ್, ಹಾರನ್ ಬಟನ್, ಟೇಪ್ ರೆಕಾರ್ಡರಿನ ಸ್ವಿಚ್ಚು ಒಂದರ ಪಕ್ಕ ಒಂದು ಬೆಂಚಿನ ಮೇಲೆ ಬಿದ್ದಿದ್ದವು. ಕಾಫಿ ತಂದ ಸುಮಿತ್ರ ಅವನ್ನೇ ನೋಡುತ್ತ ನಿಂತಳು.

"ಕಾಲಾಯ್ತು, ಕೈ ಆಯ್ತು, ಬೆರಳಾಯ್ತು. ಕೆನ್ನೆ ಆದ್ಮೇಲೆ ಎಲ್ಲಿಗೆ ಹಾಕ್ತೀರಿ?" ಅಂತ ಕೇಳಿದಳು.

ಲೋಟ ಇಟ್ಟು ಒಳಗೆ ಹೋದಳು.

ಕೊನೆಕೊನೆಗೆ ಹೇಮಾಳ ಕೂಗು ಓಣಿಯ ಆ ತುದಿಯಿಂದ ಈ ತುದಿಗೆ ಕೇಳುತ್ತಿರಲಿಲ್ಲ. ಹತ್ತಿರ ಹೋದರೆ ತುಟಿ ಆಡುವುದು ಕಾಣುತ್ತಿತ್ತು. ನಾವು ಮೋಟಾರಿನ ಸದ್ದು ಕೇಳಲು ಕಲಿತೆವು. ಕಾರು ಗೋಡೆಗೆ ತಾಗಿದಾಗ ಚಕ್ರ ನಿಂತು ಮೋಟಾರು ಭಾರವಾಗಿ ಗೊರಗುಟ್ಟುತ್ತದೆ. ಹಾಗೇ ಬಿಟ್ಟರೆ ಬಿಸಿಯಾಗಿ ವಾರ್ನಿಷ್ ವಾಸನೆ ಏಳುತ್ತದೆ. ಅವಳ ಕೆನ್ನೆ ಒಮ್ಮೆ ಪಟ್ಟಿಗೆ ಒರಗಿದರೆ ತಾನಾಗಿ ಈಚೆಗೆ ಬರುತ್ತಿರಲಿಲ್ಲ. ಆ ಸದ್ದು ಕೇಳಿದ ಕೂಡಲೇ ಕೈಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆವು. ಒಂದೆರಡು ಸಲ ಸದ್ದಿಗಿಂತ ಮೊದಲೇ ವಾಸನೆ ಬಂದದ್ದೂ ಉಂಟು.

ದೀಪಾವಳಿ ಕಳೆದು ಚಳಿ ಹಿಡಿಯಿತು. ಅವಳಿಗೆ ಕೆಮ್ಮು ಬಂತು. ಕಫವನ್ನು ಕೆಮ್ಮಿ ತೆಗೆಯಲು ಎದೆಗೆ ಶಕ್ತಿ ಇರಲಿಲ್ಲ. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಹೋಗುವ ದಿನ ಬೆಳಿಗ್ಗೆ ಆಟೋ ಬರುವವರೆಗೂ ಕಾರಿನಲ್ಲೇ ಕೂರುತ್ತೇನೆ ಅಂದಳು. ಒಂದು ಸಲ ಗೋಡೆಯವರೆಗೆ ಹೋದಳು. ನಾನು ಜೊತೆಯಲ್ಲೇ ನಡೆದೆ. ಅಷ್ಟರಲ್ಲಿ ಆಟೋ ಬಂತು. ಕಾರನ್ನು ತಿರುಗಿಸದೆ ಅವಳನ್ನು ಅಲ್ಲಿಂದಲೇ ಎತ್ತಿಕೊಂಡೆ. ಅವತ್ತು ಇಳಿಸು ಅನ್ನಲಿಲ್ಲ.

ಅವಳು ವಾಪಸು ಬರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಸುಮಿತ್ರ ಅವಳ ತಲೆ ಬಾಚುತ್ತಿದ್ದಾಗ ಉಸಿರು ನಿಂತಿತು. ಒಂದು ಜಡೆ ಹೆಣೆದಾಗಿತ್ತು. ಸುಮಿತ್ರ ಇನ್ನೊಂದನ್ನೂ ಹೆಣೆದು ಮುಗಿಸಿದ ಮೇಲೆ ನರ್ಸನ್ನು ಕರೆದಳು.

ನಮ್ಮದು ಅಪ್ಪನ ಕಾಲದಿಂದ ಬೌದ್ಧ ಮನೆ. ನಮ್ಮ ಕಡೆಯವರು ಬಂದು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ವಂದನೆ ಹೇಳಿದರು. ಎಲ್ಲವೂ ಅನಿತ್ಯ ಅಂದರು ಹಿರಿಯರೊಬ್ಬರು. ಚಿಕ್ಕಂದಿನಿಂದ ಕೇಳಿದ ಮಾತು. ಅವತ್ತು ಅದು ನನಗೆ ಯಾವ ಕೆಲಸಕ್ಕೂ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಅವ್ವ ಒಂದು ಮೂಲೆ ಹಿಡಿದು ಕೂತವಳು, "ಆ ನೀರು ಹಾಕದೇ ಇದ್ದಿದ್ರೆ ಇನ್ನೊಂದಷ್ಟು ದಿನ ಓಡಾಡ್ತಿತ್ತು ಕೂಸು" ಅಂತ ಅದನ್ನೇ ಹೇಳುತ್ತಿದ್ದಳು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅವ್ವ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸಾಯುವವರೆಗೂ ಅವ್ವ ಬ್ಯಾಟರಿಗಳಿದ್ದ ಕಡೆ ಹೋಗಲಿಲ್ಲ.

ಕೆಲವು ದಿನದ ಮೇಲೆ ಪುಟ್ಟಸ್ವಾಮಣ್ಣ ಬಂದ. ಒಳಗೆ ಬರದೆ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಕಾರು ಆಗಲೂ ಓಣಿಯ ಕೊನೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡೇ ಇತ್ತು. ಅದನ್ನು ನೋಡಿದ. ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟ.

"ನೀನು ಹೇಳಿದ್ದೆಯಲ್ಲಾ ಶಿವಣ್ಣ, ಹಿಂದಕ್ಕೆ ಹೋಗೋ ಸ್ವಿಚ್ಚು. ಮೈಸೂರಿಂದ ಬರೋ ಹುಡುಗನಿಗೆ ಹೇಳಿದ್ದೆ. ಈಗ ತಂದುಕೊಟ್ಟ. ಏನ್ ಮಾಡಬೇಕೋ ತಿಳೀದೆ ತಂದೆ."

"ಇರಲಿ ಬಿಡಣ್ಣ. ಕಾಫಿ ಕುಡಿ" ಅಂದೆ. ಅವನು ಕುಡಿಯದೆ ಹೋದ.

ಕಾರನ್ನು ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇನೆ. ಬ್ಯಾಟರಿ ಮುಗಿದಾಗ ಬೇರೆ ಹುಡುಕಿ ಹಾಕುತ್ತೇನೆ. ಮೊದಲ ಮಳೆಗಳು ಕಳೆದ ಮೇಲೆ ಟಬ್ಬು ಇಟ್ಟು ನೀರು ಹಿಡಿದು ತುಂಬುತ್ತೇನೆ. ಯಾಕೆ ಅಂತ ಸುಮಿತ್ರ ಕೇಳುವುದಿಲ್ಲ. ಕೆನ್ನೆಯ ಪಟ್ಟಿಯ ಬಟ್ಟೆಯನ್ನು ಮಾತ್ರ ಅವಳು ಬದಲಾಯಿಸಲು ಬಿಟ್ಟಿಲ್ಲ. ಮೊನ್ನೆ ಆ ಸುಟ್ಟ ಮೋಟಾರಿನ ವಾಸನೆ ಬಂದಾಗ ಅವಳು ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಣಿಯವರೆಗೆ ಓಡಿಬಂದು ನಿಂತಳು. ಆಮೇಲೆ ಅಂಗಡಿಯಲ್ಲಿದ್ದ ಬೇರೆಯವರ ಕಾರನ್ನು ನೋಡಿ ಒಳಗೆ ಹೋದಳು.

ಅವರ ಕಾರು ರಿಪೇರಿ ಮಾಡಿ ಕೊಟ್ಟೆ. ಸಂಜೆ ನಮ್ಮ ಕಾರಿನ ಪಟ್ಟಿಗೆ ಬೆರಳು ತಾಗಿಸಿ ನೋಡಿದೆ. ಟಕ್ ಅಂತ ರಿಲೇ ಹಿಡಿಯಿತು, ಚಕ್ರ ತಿರುಗಿತು. ಮೋಟಾರು ಚೆನ್ನಾಗಿದೆ, ಗೇರು ಚೆನ್ನಾಗಿದೆ. ಪುಟ್ಟಸ್ವಾಮಣ್ಣ ತಂದ ಪೊಟ್ಟಣ ಡ್ರಾಯರಿನಲ್ಲಿದೆ, ಬಿಚ್ಚಿಲ್ಲ. ಕಾರು ಈಗಲೂ ಹಿಂದಕ್ಕೆ ಹೋಗುವುದಿಲ್ಲ.